ಅಜ್ಜ ತೀರಿಕೊಂಡ ವರ್ಷದ ದೀಪಾವಳಿ: ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಬ್ಬ ಮಾಡುವುದು ಹೇಗೆ?

ಪ್ರಶ್ನೆ: ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಈ ವರ್ಷ ಆಷಾಢದಲ್ಲಿ ತೀರಿಕೊಂಡರು. ಸಾಗರ ತಾಲ್ಲೂಕಿನ ಹಳ್ಳಿಯ ಮನೆಯಲ್ಲಿ ಈಗ ಅತ್ತೆಯವರೂ ಮೈದುನನ ಕುಟುಂಬದವರೂ ಇದ್ದಾರೆ. ನಾವು ಇಬ್ಬರು ಮಕ್ಕಳೊಂದಿಗೆ ಬೆಂಗಳೂರಿನಲ್ಲಿದ್ದೇವೆ. ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ಮಲೆನಾಡಿನವರಿಗೆ ದೀಪಾವಳಿಯೇ ದೊಡ್ಡಹಬ್ಬ. ಉಳಿದ ಹಬ್ಬಗಳಿಗೆ ರಜೆ ಸಿಗದಿದ್ದರೆ ಇಲ್ಲಿಯೇ ಉಳಿದುಬಿಡುತ್ತಿದ್ದೆವು, ಆದರೆ ನೀರು ತುಂಬುವ ದಿನದಿಂದ ಬಲಿಪಾಡ್ಯಮಿಯವರೆಗೆ ಮಕ್ಕಳು ಮೊಮ್ಮಕ್ಕಳೆಲ್ಲ ಊರ ಮನೆಯಲ್ಲಿರಬೇಕೆಂಬುದು ಮಾವನವರ ಆಸೆಯಾಗಿತ್ತು, ನಾವೂ ಅದನ್ನು ತಪ್ಪಿಸುತ್ತಿರಲಿಲ್ಲ.

ಗೋಪೂಜೆಯ ಹಿಂದಿನ ಸಂಜೆ ಅವರು ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂತು, ನೆನೆಸಿಟ್ಟ ಬಾಳೆನಾರಿನಲ್ಲಿ ಹಣ್ಣಡಿಕೆ, ಪಚ್ಚೆತೆನೆ, ಚೆಂಡು ಹೂಗಳನ್ನು ಕಟ್ಟಿ ಕೊಟ್ಟಿಗೆಯ ಒಂದೊಂದು ದನಕ್ಕೂ ಒಂದೊಂದು ಸರ ಮಾಡುತ್ತಿದ್ದರು. ಅಡಿಕೆಯನ್ನು ಗಾತ್ರ ನೋಡಿ ಆರಿಸಿ ಕೊಡುವ ಕೆಲಸ ನನ್ನ ಮಗನದು. ಕರುವಿಗೆ ಚಿಕ್ಕದು, ಎತ್ತಿಗೆ ದೊಡ್ಡದು ಎಂದು ಇಬ್ಬರೂ ಗಂಭೀರವಾಗಿ ಚರ್ಚೆ ಮಾಡುತ್ತಿದ್ದರು. ಈಗ ಅವನು "ಈ ಸಲ ಸರ ಕಟ್ಟುವವರು ಯಾರು?" ಎಂದು ಕೇಳುತ್ತಿದ್ದಾನೆ. ಮಗಳಂತೂ "ಹಬ್ಬಕ್ಕೆ ಅಜ್ಜ ಬರುತ್ತಾನಲ್ಲ?" ಎಂದು ದಿನವೂ ಕೇಳುತ್ತಾಳೆ. ಇಬ್ಬರಿಗೂ ಏನು ಉತ್ತರ ಕೊಡಬೇಕೆಂದು ನನಗೆ ತಿಳಿಯುತ್ತಿಲ್ಲ.

ದೊಡ್ಡ ಮಾವನವರು ವರ್ಷದೊಳಗೆ ಹಬ್ಬ ಕೂಡದು, ದೇವರ ಮುಂದೆ ದೀಪ ಹಚ್ಚಿ ಸುಮ್ಮನಿರಬೇಕು ಎನ್ನುತ್ತಾರೆ. ನಾದಿನಿಯವರಿಗೆ ಮಕ್ಕಳ ಮೋರೆ ಸಣ್ಣದಾಗುವುದು ಇಷ್ಟವಿಲ್ಲ, ಹಾಗೆಂದು ತಮ್ಮ ತಾಯಿಯ ಎದುರಿಗೆ ಸಂಭ್ರಮ ಮಾಡುವುದಕ್ಕೂ ಮನಸ್ಸಿಲ್ಲ. ನನ್ನ ಯಜಮಾನರು ಈ ವಿಷಯ ಬಂದಾಗಲೆಲ್ಲ ಎದ್ದು ಹೋಗುತ್ತಾರೆ. ಅತ್ತೆಯವರನ್ನು ಕೇಳಿದರೆ "ನಿಮಗೆ ಸರಿ ಕಂಡಂತೆ ಮಾಡಿ" ಎಂದಷ್ಟೇ ಹೇಳುತ್ತಾರೆ. ಪ್ರತಿವರ್ಷ ನರಕ ಚತುರ್ದಶಿಯ ಬೆಳಗಿನ ಜಾವ ಮಕ್ಕಳ ನೆತ್ತಿಗೆ ಎಣ್ಣೆ ಇಟ್ಟು ಆರತಿ ಮಾಡುತ್ತಿದ್ದವರು ಅವರೇ. ಈ ವರ್ಷ ಅದನ್ನು ಬೇರೆ ಯಾರಾದರೂ ಮಾಡಲಿ ಎಂದು ಸಂಬಂಧಿಕರೊಬ್ಬರು ಆಗಲೇ ಸೂಚಿಸಿದ್ದಾರೆ, ಮತ್ತು ಆ ಮಾತು ಅತ್ತೆಯವರ ಕಿವಿಗೆ ಬಿದ್ದಿದೆ ಎಂದು ನನ್ನ ಅನುಮಾನ. ಇಂತಹ ವರ್ಷವನ್ನು ದಾಟಿದವರು ದಯವಿಟ್ಟು ನಿಮ್ಮ ಮನೆಯಲ್ಲಿ ಏನು ಮಾಡಿದಿರಿ ಎಂದು ತಿಳಿಸಿ.

ಉತ್ತರ: ಮಂಡ್ಯ ಸೀಮೆಯವ

ಅಕ್ಕಾ, ನಿಮ್ಮ ಮಾವನವರನ್ನು ಕಳೆದುಕೊಂಡದ್ದು ತಿಳಿದು ಬೇಸರವಾಯಿತು. ನಮ್ಮ ಕಡೆ ದೀಪಾವಳಿಗಿಂತ ಮೊದಲು ಬರುವ ಹಿರಿಯರ ಹಬ್ಬದಲ್ಲಿಯೇ ಈ ಪ್ರಶ್ನೆ ಎದುರಾಗುತ್ತದೆ, ಆದ್ದರಿಂದ ಅದರ ಅನುಭವದಿಂದ ಹೇಳುತ್ತೇನೆ.

ಮಹಾಲಯ ಅಮಾವಾಸ್ಯೆಯ ದಿನ ನಾವು ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಕಳಶದ ಪಕ್ಕದಲ್ಲಿ ಹೊಸ ಪಂಚೆ, ಸೀರೆ, ರವಿಕೆ ಕಣಗಳನ್ನು ಮಡಿಸಿಟ್ಟು, ಅದರ ಮುಂದೆ ಬಾಳೆಲೆ ಹಾಸಿ, ಅವರವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನೇ ಬಡಿಸುವುದು ಪದ್ಧತಿ. ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯದ ಜೊತೆಗೆ ಎಲೆಯಡಿಕೆ ಇರುತ್ತದೆ. ಬೀಡಿ ಸೇದುತ್ತಿದ್ದವರಿಗೆ ಒಂದು ಕಟ್ಟು ಬೀಡಿಯೂ ಇರುತ್ತದೆ. ಮನೆಯವರೆಲ್ಲ ಒಬ್ಬೊಬ್ಬರಾಗಿ ಕೆಂಡಕ್ಕೆ ಧೂಪ ಹಾಕಿ ಕೈಮುಗಿಯುತ್ತಾರೆ, ಆಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಾರೆ. ಹೊಸದಾಗಿ ತೀರಿಕೊಂಡವರನ್ನು ವರ್ಷ ತುಂಬುವ ತನಕ ಉಳಿದ ಹಿರಿಯರ ಜೊತೆ ಸೇರಿಸದ ಮನೆಗಳೂ ಇವೆ, ಸೇರಿಸುವ ಮನೆಗಳೂ ಇವೆ.

ನಮ್ಮ ತಾಯಿ ಹೋದ ಮೇಲಿನ ಮೊದಲ ಎಡೆಯಲ್ಲಿ ನನ್ನ ಮಕ್ಕಳಿಗೆ ಒಂದು ಕೆಲಸ ವಹಿಸಿದೆವು. ಅಜ್ಜಿಗೆ ಏನೇನು ಇಷ್ಟವಿತ್ತು ಎಂದು ಅವರೇ ನೆನಪು ಮಾಡಿಕೊಂಡು ಹೇಳಬೇಕು, ನಾವು ಅದನ್ನು ತಂದು ಇಡಬೇಕು. ನಾನು ಒಬ್ಬಟ್ಟು, ಚಿತ್ರಾನ್ನ ಎಂದೆಲ್ಲ ಎಣಿಸಿಕೊಂಡಿದ್ದೆ. ಮಗಳು ಹೇಳಿದ್ದು ಸಕ್ಕರೆ ಅದ್ದಿದ ಬನ್ನು ಮತ್ತು ಹುರಿಗಡಲೆ, ಏಕೆಂದರೆ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವಳೂ ಅಜ್ಜಿಯೂ ಹಿತ್ತಲಿನ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದದ್ದು ಅದನ್ನೇ. ನನ್ನ ತಾಯಿಯ ಬದುಕಿನ ಆ ಒಂದು ಮೂಲೆ ನನಗೆ ಗೊತ್ತೇ ಇರಲಿಲ್ಲ. ಎಡೆಯಲ್ಲಿ ಬನ್ನು ಇಟ್ಟೆವು. ಬಾಗಿಲು ಮುಚ್ಚಿದಾಗ ಮಕ್ಕಳು ಹೊರಗೆ ಪಿಸುಗುಟ್ಟುತ್ತ ಕಾದರು, ತೆರೆದ ಮೇಲೆ ಎಲ್ಲರೂ ಅದನ್ನು ಹಂಚಿಕೊಂಡು ತಿಂದರು.

ನನ್ನ ಅಭಿಪ್ರಾಯ ಇಷ್ಟು. ಮಕ್ಕಳನ್ನು ಒಂದು ಕಡೆ ಸುಮ್ಮನೆ ಕೂರಿಸಿ ದೊಡ್ಡವರು ಬಾಡಿದ ಮುಖದಲ್ಲಿ ಓಡಾಡಿದರೆ, ಅಜ್ಜನ ನೆನಪು ಎಂದರೆ ಹೆದರಬೇಕಾದ ಸಂಗತಿ ಎಂದು ಅವರು ತಿಳಿದುಬಿಡುತ್ತಾರೆ. ಅವರ ಕೈಗೆ ಕೆಲಸ ಕೊಡಿ. ನಿಮ್ಮ ಮಗ ಅಡಿಕೆ ಆರಿಸುವುದನ್ನು ಯಾರೂ ತಪ್ಪಿಸಬಾರದು. ಸರ ಕಟ್ಟುವುದನ್ನು ಅವನ ಅಪ್ಪನೋ ಚಿಕ್ಕಪ್ಪನೋ ಮಾಡಲಿ, ಅಜ್ಜ ಹೇಗೆ ಕಟ್ಟುತ್ತಿದ್ದ ಎಂದು ಹೇಳಿಕೊಡುವ ಹಕ್ಕು ಮಾತ್ರ ಆ ಹುಡುಗನಿಗೇ ಇರಲಿ. ದನಗಳಿಗಂತೂ ಸೂತಕವಿಲ್ಲ, ಗೋಪೂಜೆಯನ್ನು ಬಿಡಬೇಕೆಂದು ದೊಡ್ಡ ಮಾವನವರೂ ಹೇಳಲಾರರು ಎಂದುಕೊಂಡಿದ್ದೇನೆ.

ಉತ್ತರ: ಶಿರಸಿಯ ನಿವೃತ್ತ ಸಂಸ್ಕೃತ ಅಧ್ಯಾಪಕ

ತಂಗೀ, ನಿಮ್ಮ ದೊಡ್ಡ ಮಾವನವರ ಮಾತಿಗೆ ಆಧಾರವಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಆದರೆ ಆ ಮಾತು ಎಲ್ಲರಿಗೂ ಒಂದೇ ಅಳತೆಯಲ್ಲಿ ಅನ್ವಯಿಸುತ್ತದೆ ಎಂದೂ ತಿಳಿಯಬೇಡಿ. ಸೂತಕ ಮುಗಿದು ಶುದ್ಧಿಯಾದ ಮೇಲೆ ಮನೆಗೆ ಅಶೌಚ ಉಳಿಯುವುದಿಲ್ಲ. ಆನಂತರ ಉಳಿಯುವುದು ವರ್ಷದ ನಿಯಮ. ಅದು ಮುಖ್ಯವಾಗಿ ಮಾಸಿಕಗಳನ್ನು (ತಿಂಗಳು ತಿಂಗಳ ಶ್ರಾದ್ಧಗಳನ್ನು) ನಡೆಸುವ ಕರ್ತೃವಿಗೆ, ಅಂದರೆ ಮಗನಿಗೆ ಸಂಬಂಧಿಸಿದ್ದು. ಮದುವೆ, ಉಪನಯನದಂತಹ ಮಂಗಳ ಕಾರ್ಯಗಳನ್ನು ಮನೆಯಲ್ಲಿ ಮುಂದೂಡುವುದೂ ಅದರ ಭಾಗ. ತೀರಿಕೊಂಡವರನ್ನು ಪಿತೃಗಳ ಸಾಲಿಗೆ ಸೇರಿಸುವ, ವರ್ಷಾಂತ್ಯದಲ್ಲಿ ಆಗಬೇಕಾದ ಸಪಿಂಡೀಕರಣವನ್ನು ಹನ್ನೆರಡನೆಯ ದಿನವೇ ಮಾಡಿ ಮುಗಿಸುವ ರೂಢಿ ಬಹಳ ಕಡೆ ಇರುವುದರಿಂದ, ದೇವರ ಪೂಜೆ ಮತ್ತು ಹಬ್ಬದ ವಿಷಯದಲ್ಲಿ ಮನೆಮನೆಗೂ ಆಚಾರ ಬೇರೆಬೇರೆಯಾಗಿದೆ. ನಿಮ್ಮ ಮನೆಯ ಪುರೋಹಿತರನ್ನು ಕೇಳಿ ಅವರು ಹೇಳಿದಂತೆ ನಡೆದರೆ ದೊಡ್ಡ ಮಾವನವರಿಗೂ ಸಮಾಧಾನವಾದೀತು. ನಾಲ್ಕು ಮತ್ತು ಏಳು ವರ್ಷದ ಮಕ್ಕಳು ಎಣ್ಣೆ ಸ್ನಾನ ಮಾಡಿ ಸಿಹಿ ತಿನ್ನುವುದಕ್ಕೆ ಅಡ್ಡಿ ಹೇಳುವವರನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಸಂಗತಿಯನ್ನು ಈಚೆಗೆ ಬಹಳ ಜನ ಮರೆತಿದ್ದಾರೆ. ದೀಪಾವಳಿಯೊಳಗೇ ಅಗಲಿದವರಿಗೆ ಜಾಗವಿದೆ. ತ್ರಯೋದಶಿಯ ಸಂಜೆ ಮನೆಯ ಹೊರಗೆ ದಕ್ಷಿಣಕ್ಕೆ ಮುಖ ಮಾಡಿ ಯಮದೀಪ ಇಡುತ್ತಾರೆ. ಚತುರ್ದಶಿಯಂದು ಯಮತರ್ಪಣವಿದೆ. ಅಮಾವಾಸ್ಯೆಯ ಸಂಜೆಗೆ ಉಲ್ಕಾದಾನವೆಂಬ ವಿಧಿಯನ್ನು ಹೇಳಿದ್ದಾರೆ: ಮಹಾಲಯದಲ್ಲಿ ನಮ್ಮ ಬಳಿಗೆ ಬಂದ ಪಿತೃಗಳು ಮರಳಿ ಹೋಗುವಾಗ ದಾರಿ ಕಾಣಲೆಂದು ಪಂಜು ಹಿಡಿದು ತೋರಿಸುವುದು. ಕಾರ್ತಿಕದಲ್ಲಿ ಎತ್ತರದಲ್ಲಿ ತೂಗುಹಾಕುವ ಆಕಾಶದೀಪಕ್ಕೂ ಪಿತೃಗಳ ಸಂಬಂಧವನ್ನು ಹೇಳುತ್ತಾರೆ. ಹಾಗಿರುವಾಗ ದೀಪಾವಳಿ ಕೇವಲ ಸಂಭ್ರಮದ ಹಬ್ಬ, ಆದ್ದರಿಂದ ದುಃಖದ ಮನೆಯಲ್ಲಿ ಅದಕ್ಕೆ ಪ್ರವೇಶವಿಲ್ಲ ಎಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ಪಟಾಕಿಯನ್ನು ಬಿಟ್ಟು ದೀಪವನ್ನು ಉಳಿಸಿಕೊಂಡರೆ ಹಬ್ಬದ ತಿರುಳೇನೂ ಹೋಗುವುದಿಲ್ಲ.

ಆದರೂ ವರ್ಷದ ಸಂಯಮವನ್ನು ಹಳೆಯ ಕಾಲದ ಕಟ್ಟಳೆ ಎಂದು ತಳ್ಳಿಹಾಕಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮನೆಯ ಹಿರಿಯರನ್ನು ಕಳೆದುಕೊಂಡವರು ನಗುಮುಖ ಹೊತ್ತು ಅತಿಥಿಗಳನ್ನು ಎದುರುಗೊಳ್ಳಬೇಕಾಗಿಲ್ಲ, ಹೊಸ ಬಟ್ಟೆ ತೊಟ್ಟು ಪೇಟೆ ಸುತ್ತಬೇಕಾಗಿಲ್ಲ ಎಂದು ಸಮಾಜವೇ ಕೊಡುವ ಬಿಡುವು ಅದು. ನಮ್ಮೂರಿನಲ್ಲಿ ಅಂತಹ ಮನೆಯವರು ಒಲೆಯ ಮೇಲೆ ಎಣ್ಣೆಯ ಬಾಣಲೆ ಇಡುತ್ತಿರಲಿಲ್ಲ, ಅಕ್ಕಪಕ್ಕದವರೇ ಕಜ್ಜಾಯ ಮಾಡಿ ತಂದುಕೊಡುತ್ತಿದ್ದರು. ಮಕ್ಕಳಿಗೆ ತಿನಿಸಿಗೆ ಕೊರತೆಯಾಗುತ್ತಿರಲಿಲ್ಲ, ದುಃಖದಲ್ಲಿದ್ದ ಹೆಂಗಸರಿಗೆ ಅಡುಗೆಯ ಹೊರೆಯೂ ಇರುತ್ತಿರಲಿಲ್ಲ. ನಿಮ್ಮ ಯಜಮಾನರು ಎದ್ದು ಹೋಗುತ್ತಾರೆಂದು ಬರೆದಿದ್ದೀರಿ. ಅವರಿಗೂ ಆ ಬಿಡುವು ಬೇಕಾಗಿರಬಹುದು. ಅವರನ್ನು ಹಬ್ಬದ ಮುಂದಾಳುತನಕ್ಕೆ ಒತ್ತಾಯಿಸಬೇಡಿ.

ಮಕ್ಕಳಿಗೆ ಬಲೀಂದ್ರನ ಕಥೆ ಹೇಳಿ. ಪಾತಾಳಕ್ಕೆ ಹೋದ ದೊರೆ ತನ್ನ ಜನರನ್ನು ನೋಡಲು ವರ್ಷಕ್ಕೊಮ್ಮೆ ಭೂಮಿಗೆ ಬರುತ್ತಾನೆ, ನಾವು ಅವನಿಗಾಗಿ ದೀಪ ಹಚ್ಚಿಡುತ್ತೇವೆ. ದೂರವಾದವರನ್ನು ಪ್ರೀತಿಯಿಂದ ನೆನೆಯುವುದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಕಥೆ ನಮ್ಮಲ್ಲಿಲ್ಲ.

ಉತ್ತರ: ಮಕ್ಕಳ ಆಪ್ತಸಮಾಲೋಚಕಿ, ಮೈಸೂರು

ಉಲ್ಕಾದಾನದ ವಿಷಯವನ್ನು ತಿಳಿಸಿದ್ದಕ್ಕಾಗಿ ಶಿರಸಿಯ ಹಿರಿಯರಿಗೆ ಕೃತಜ್ಞತೆಗಳು. ಬಲೀಂದ್ರನ ಕಥೆಯ ಬಗ್ಗೆ ಮಾತ್ರ ಒಂದು ಎಚ್ಚರಿಕೆಯನ್ನು ವಿನಯದಿಂದ ಹೇಳಬೇಕಾಗಿದೆ. ಏಳು ವರ್ಷದ ಮಗನಿಗೆ ಅದು ಒಗ್ಗುತ್ತದೆ. ನಾಲ್ಕು ವರ್ಷದ ಮಗಳು ಈಗಾಗಲೇ "ಹಬ್ಬಕ್ಕೆ ಅಜ್ಜ ಬರುತ್ತಾನಲ್ಲ?" ಎಂದು ಕೇಳುತ್ತಿದ್ದಾಳೆ. ಹೋದವರು ವರ್ಷಕ್ಕೊಮ್ಮೆ ಬರುತ್ತಾರೆ ಎಂದು ಕೇಳಿಸಿಕೊಂಡ ಆ ಮಗು ಪಾಡ್ಯದ ದಿನವಿಡೀ ಬಾಗಿಲಲ್ಲಿ ಕಾಯುತ್ತದೆ, ಅಜ್ಜ ಬರದಿದ್ದರೆ ಅವನಿಗೆ ತನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಳ್ಳುತ್ತದೆ. ಕಥೆ ಹೇಳಲೇಬೇಕೆಂದರೆ "ಬಲೀಂದ್ರ ಕಥೆಯ ದೊರೆ, ನಮ್ಮ ಅಜ್ಜ ಹಾಗೆ ಬರಲು ಆಗುವುದಿಲ್ಲ, ನಾವು ಅವನನ್ನು ನೆನಪು ಮಾಡಿಕೊಳ್ಳುತ್ತೇವೆ" ಎಂಬ ಮಾತನ್ನೂ ಸೇರಿಸಿ ಹೇಳಿ.

ಸತ್ತವರು ಮರಳಿ ಬರುವುದಿಲ್ಲ, ಸತ್ತ ದೇಹಕ್ಕೆ ಹಸಿವು, ಚಳಿ, ನೋವು ಇರುವುದಿಲ್ಲ, ಎಲ್ಲರೂ ಒಂದು ದಿನ ಸಾಯುತ್ತಾರೆ ಎಂಬ ತಿಳಿವಳಿಕೆ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಮಕ್ಕಳಲ್ಲಿ ನಿಧಾನವಾಗಿ ಕೂಡಿಬರುತ್ತದೆ. ಅದಕ್ಕಿಂತ ಚಿಕ್ಕವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ಹಟದಿಂದಲ್ಲ. ಉತ್ತರ ಪ್ರತಿಸಲವೂ ಒಂದೇ ಆಗಿರುತ್ತದೆಯೇ ಎಂದು ಪರೀಕ್ಷಿಸಿ ನೋಡುತ್ತಿರುತ್ತಾರೆ. ಆದ್ದರಿಂದ ಪ್ರತಿಸಲವೂ ಒಂದೇ ಉತ್ತರವನ್ನು, ಅದೇ ಸರಳ ಮಾತಿನಲ್ಲಿ ಕೊಡಿ: ಅಜ್ಜನ ದೇಹ ಕೆಲಸ ಮಾಡುವುದನ್ನು ನಿಲ್ಲಿಸಿತು, ಡಾಕ್ಟರಿಗೂ ಸರಿಮಾಡಲು ಆಗಲಿಲ್ಲ, ಅಜ್ಜ ಸತ್ತುಹೋದ, ಹಬ್ಬಕ್ಕೂ ಬರುವುದಿಲ್ಲ, ನಮಗೆಲ್ಲ ಅದರಿಂದ ದುಃಖವಾಗಿದೆ. ಕೇಳಲು ಕಠೋರವೆನಿಸಿದರೂ ಮಗುವಿಗೆ ಇದು ಹಿಡಿದು ನಿಲ್ಲಲು ಗಟ್ಟಿಯಾದ ಆಸರೆ. ಮಲಗಿದ್ದಾನೆ, ದೂರದ ಊರಿಗೆ ಹೋಗಿದ್ದಾನೆ, ದೇವರು ಕರೆದುಕೊಂಡ ಎಂಬ ಉತ್ತರಗಳನ್ನು ಪ್ರೀತಿಯಿಂದಲೇ ಕೊಟ್ಟಿರುತ್ತೇವೆ, ಆದರೆ ಅವನ್ನು ಕೇಳಿದ ಮಕ್ಕಳು ರಾತ್ರಿ ಕಣ್ಣು ಮುಚ್ಚಲು ಹೆದರುವುದನ್ನೂ, ಅಪ್ಪ ಕೆಲಸದ ಮೇಲೆ ಬೇರೆ ಊರಿಗೆ ಹೊರಟಾಗ ಕಾಲು ಹಿಡಿದು ಅಳುವುದನ್ನೂ ನಾನು ನೋಡುತ್ತಲೇ ಇರುತ್ತೇನೆ.

ನಿಮ್ಮ ನಾದಿನಿಯವರಿಗೆ ಒಂದು ಮಾತು ತಲುಪಿಸಿ. ಮಕ್ಕಳು ದುಃಖವನ್ನು ತುಣುಕು ತುಣುಕಾಗಿ ಅನುಭವಿಸುತ್ತಾರೆ. ಅಜ್ಜನ ಕೋಲನ್ನು ನೋಡಿ ಬಿಕ್ಕಿ ಅತ್ತ ಹುಡುಗ ಸ್ವಲ್ಪ ಹೊತ್ತಿನಲ್ಲಿಯೇ ಸುರುಸುರು ಬತ್ತಿ ಬೇಕೆಂದು ಕುಣಿಯಬಹುದು. ಅದು ಅಜ್ಜನನ್ನು ಮರೆತ ಲಕ್ಷಣವಲ್ಲ. ಅಂಥ ಹೊತ್ತಿನಲ್ಲಿ "ಅಜ್ಜ ಹೋಗಿದ್ದಾನೆ, ನಿನಗೆ ಆಟವೇ?" ಎಂದು ಯಾರಾದರೂ ಗದರಿದರೆ ಮಗು ನಗುವುದನ್ನೂ ಅಳುವುದನ್ನೂ ಒಟ್ಟಿಗೇ ಮುಚ್ಚಿಡಲು ಕಲಿಯುತ್ತದೆ.

ಊರಿಗೆ ಹೊರಡುವ ಮೊದಲೇ ಅಲ್ಲಿ ಏನೇನು ಬದಲಾಗಿರುತ್ತದೆ ಎಂದು ಇಬ್ಬರಿಗೂ ಹೇಳಿ: ಅಜ್ಜನ ಕುರ್ಚಿ ಖಾಲಿಯಿರುತ್ತದೆ, ಗೋಡೆಯ ಮೇಲೆ ಅವನ ಫೋಟೋಕ್ಕೆ ಹಾರ ಹಾಕಿರುತ್ತಾರೆ, ಅಜ್ಜಿ ಅಳಬಹುದು, ಅಪ್ಪನೂ ಅಳಬಹುದು, ಅದರಲ್ಲಿ ಯಾರದೂ ತಪ್ಪಿಲ್ಲ. ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ತಾನು ಮಾತು ಕೇಳದಿದ್ದರಿಂದ ಅಥವಾ ಒಮ್ಮೆ ಸಿಟ್ಟಿನಲ್ಲಿ ಏನೋ ಅಂದಿದ್ದರಿಂದ ಅಜ್ಜ ಸತ್ತ ಎಂದು ಮಕ್ಕಳು ಮನಸ್ಸಿನಲ್ಲಿಯೇ ನಂಬಿಕೊಂಡಿರುವುದುಂಟು. ಮಗನಿಗೆ ಅಡಿಕೆ ಆರಿಸುವ ಮನಸ್ಸಿಲ್ಲದಿದ್ದರೆ ಅದನ್ನೂ ಒಪ್ಪಿಕೊಳ್ಳಿ. ಮಂಡ್ಯದ ಸಹೋದರರ ಸಲಹೆ ನನಗೆ ಬಹಳ ಹಿಡಿಸಿತು, ಆದರೆ ಕೆಲಸ ಕೊಡುವುದು ಬೇರೆ, ಹೊರಿಸುವುದು ಬೇರೆ.

ನಿದ್ದೆ ಕೆಡುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ತಾಯಿಯನ್ನು ಅಂಟಿಕೊಂಡೇ ಇರುವುದು ಕೆಲವು ವಾರಗಳ ಕಾಲ ಸಹಜ. ತಿಂಗಳುಗಟ್ಟಲೆ ಮುಂದುವರಿದರೆ, ಅಥವಾ ಮಗು ಶಾಲೆಗೂ ಆಟಕ್ಕೂ ಬೆನ್ನು ತಿರುಗಿಸಿದರೆ, ತಜ್ಞರನ್ನು ಕಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದೊಡ್ಡವರೂ ಕರೆಮಾಡಬಹುದು ಎಂಬುದನ್ನು ನಿಮ್ಮ ಯಜಮಾನರಿಗೂ ತಿಳಿಸಿ.

ಉತ್ತರ: ಮಂಗಳೂರಿನ ಕೊಂಕಣಿ ಕ್ರೈಸ್ತೆ

ನಮ್ಮ ಹಬ್ಬ ಬೇರೆ, ಆದರೆ ಪ್ರಶ್ನೆ ನಮ್ಮ ಮನೆಯದೂ ಹೌದು. ನಮ್ಮ ತಾಯಿ ತೀರಿಕೊಂಡ ವರ್ಷ ಕ್ರಿಸ್ಮಸ್‌ಗೆ ಮನೆಯಲ್ಲಿ ಕುಸ್ವಾರ್, ಅಂದರೆ ಹಬ್ಬದ ತಿನಿಸುಗಳನ್ನು, ಮಾಡಲಿಲ್ಲ. ಕಿಡಿಯೋ, ನೆವ್ರಿ, ಗುಳಿಯೊಗಳನ್ನು ನೆರೆಯವರೇ ಡಬ್ಬಿಗಳಲ್ಲಿ ತುಂಬಿ ತಂದುಕೊಟ್ಟರು. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯನ್ನು ಮಾತ್ರ ಮಕ್ಕಳಿಗಾಗಿ ಕಟ್ಟಿದೆವು.

ಸೆಪ್ಟೆಂಬರ್ 8ರಂದು ಬರುವ, ಮಾತೆ ಮರಿಯಳ ಜನ್ಮದಿನದ ಮೊಂತಿ ಹಬ್ಬದಲ್ಲಿ ಚರ್ಚಿನಿಂದ ತಂದ ಹೊಸ ತೆನೆಯ ಅಕ್ಕಿಯನ್ನು ಅರೆದು ತೆಂಗಿನ ಹಾಲಿನಲ್ಲಿ ಬೆರೆಸಿ, ಪ್ರಾರ್ಥನೆಯಾದ ಮೇಲೆ ಮನೆಯವರೆಲ್ಲ ಒಟ್ಟಿಗೆ ಸೇವಿಸಿ, ನಂತರ ಸಸ್ಯಾಹಾರದ ಊಟ ಮಾಡುವುದು ನಮ್ಮ ಕ್ರಮ. ಆ ದಿನ ಊರಲ್ಲಿ ಇಲ್ಲದವರನ್ನು ನಾವು ಲೆಕ್ಕದಿಂದ ಬಿಡುವುದಿಲ್ಲ. ದುಬೈಯಲ್ಲಿರುವ ನನ್ನ ತಮ್ಮನಿಗೆ ತೆನೆಯ ಕೆಲವು ಕಾಳುಗಳು ಲಕೋಟೆಯಲ್ಲಿ ಹೋಗುತ್ತವೆ, ಅವನು ಅಲ್ಲಿ ಅದನ್ನು ಪುಡಿಮಾಡಿ ಹಾಲಿಗೆ ಹಾಕಿಕೊಳ್ಳುತ್ತಾನೆ. ದೂರದಲ್ಲಿರುವವರೂ ತೀರಿಕೊಂಡವರೂ ಒಂದೇ ಅಲ್ಲ ಎಂಬುದು ಚಿಕ್ಕ ಮಕ್ಕಳಿಗೆ ಆ ಲಕೋಟೆಯಿಂದಲೇ ತಿಳಿಯಿತು. "ಮಾಮನಿಗೆ ತೆನೆ ಕಳಿಸುತ್ತೇವೆ, ಅಜ್ಜಿಗೆ ಏಕೆ ಕಳಿಸುವುದಿಲ್ಲ?" ಎಂದು ನನ್ನ ಮಗ ಕೇಳಿದಾಗ, ಮೇಲಿನ ಸಮಾಲೋಚಕಿಯವರು ಬರೆದ ಉತ್ತರಕ್ಕೆ ಹತ್ತಿರವಾದುದನ್ನೇ ನಾನು ಕೊಟ್ಟೆ.

ನವೆಂಬರ್ 2 ನಮ್ಮಲ್ಲಿ ಸಕಲ ಮೃತರ ಸ್ಮರಣೆಯ ದಿನ. ಸಮಾಧಿಯನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುವುದರಲ್ಲಿ ಮಕ್ಕಳಿಗೂ ಪಾಲಿದೆ. 2024ರಲ್ಲಿ ಬಲಿಪಾಡ್ಯಮಿಯೂ ಅದೇ ದಿನ ಬಂದಿತ್ತು. ನಾವು ಸಂಜೆ ಸ್ಮಶಾನದಿಂದ ಮರಳುವಾಗ ದಾರಿಯ ಎರಡೂ ಬದಿಯ ಮನೆಗಳ ಮುಂದೆ ಹಣತೆಗಳಿದ್ದವು, ಒಂದು ಗದ್ದೆಯ ಬದಿಯಲ್ಲಿ ಬಲಿಯೇಂದ್ರನನ್ನು ಕೂಗಿ ಕರೆಯುವುದೂ ಕೇಳಿಸಿತು. ಸ್ಮರಣೆಗೆ ಹೀಗೆ ಒಂದು ಹೊತ್ತು, ಒಂದು ಜಾಗ ಗೊತ್ತಾಗಿದ್ದರೆ ಉಳಿದ ಹೊತ್ತಿನಲ್ಲಿ ಮಕ್ಕಳು ಮಕ್ಕಳಾಗಿಯೇ ಇರಬಹುದು ಎಂಬುದು ನನ್ನ ಅನುಭವ. ಹಬ್ಬದ ಎಲ್ಲ ದಿನವೂ ಅಜ್ಜನ ಮಾತನ್ನೇ ಆಡುತ್ತಿರಬೇಕಾಗಿಲ್ಲ.

ಉತ್ತರ: ಹುಬ್ಬಳ್ಳಿಯ ಒಬ್ಬ ತಾಯಿ

ಎಲ್ಲರೂ ಮಕ್ಕಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ನಾನು ಅತ್ತೆಯವರ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಾನು ಅವರ ಜಾಗದಲ್ಲಿ ನಿಂತವಳು.

ಯಜಮಾನರು ಹೋದ ವರ್ಷದ ದೀಪಾವಳಿಯಲ್ಲಿ ನನಗೆ ಯಾರೂ ಆರತಿ ಬೆಳಗಬೇಡ ಎಂದು ಹೇಳಲಿಲ್ಲ. ತಟ್ಟೆಗೆ ಎಣ್ಣೆ ಬತ್ತಿ ಸಿದ್ಧಮಾಡಿದವಳು ನಾನೇ. ಬೆಳಗುವ ಹೊತ್ತಿಗೆ ನಮ್ಮ ಮನೆಗೆ ಬಂದಿದ್ದ ಹಿರಿಯರೊಬ್ಬರು ಅದನ್ನು ನನ್ನ ಕೈಯಿಂದ ತೆಗೆದು ಇನ್ನೊಬ್ಬರ ಕೈಗೆ ಕೊಟ್ಟರು. ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸುವಾಗಲೂ ಹಾಗೆಯೇ ಆಯಿತು. ನನ್ನ ಮಗಳು ಅದೆಲ್ಲವನ್ನೂ ನೋಡುತ್ತಿದ್ದಳು. ಅಪ್ಪ ಇಲ್ಲದಿರುವುದಕ್ಕೆ ಅಮ್ಮನಿಗೆ ಶಿಕ್ಷೆಯಾಗುತ್ತಿದೆ ಎಂದು ಒಂದು ಮಗು ಅರ್ಥಮಾಡಿಕೊಂಡರೆ ಅದನ್ನು ಯಾವ ಕಥೆಯಿಂದ ತಿದ್ದುತ್ತೀರಿ?

ದಕ್ಷಿಣ ಕನ್ನಡದವರಿಗೆ ಗೊತ್ತಿರುತ್ತದೆ, ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ನೇಮಿಸಲಾಯಿತು. ಗರ್ಭಗುಡಿಯ ದೇವರಿಗೆ ಅವರು ಆರತಿ ಎತ್ತಬಹುದಾದರೆ, ತಾನೇ ಸಾಕಿದ ಮೊಮ್ಮಕ್ಕಳಿಗೆ ಅಜ್ಜಿ ಆರತಿ ಎತ್ತುವುದಕ್ಕೆ ಯಾರ ಅಪ್ಪಣೆ ಬೇಕು?

"ನಿಮಗೆ ಸರಿ ಕಂಡಂತೆ ಮಾಡಿ" ಎಂಬ ಉತ್ತರವನ್ನು ಒಪ್ಪಿಗೆ ಎಂದು ತಿಳಿಯಬೇಡಿ ತಂಗಿ. ಮನೆಯವರೆಲ್ಲ ಕೂತಿರುವಾಗ ಕೇಳಿದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದಾಗ, ಕೈಯಲ್ಲಿ ಏನಾದರೂ ಕೆಲಸವಿರುವಾಗ, "ಮಕ್ಕಳ ನೆತ್ತಿಗೆ ಎಣ್ಣೆ ನೀವೇ ಇಡಬೇಕು ಅತ್ತೆ, ಬೇರೆಯವರು ಇಟ್ಟರೆ ಅವು ಒಪ್ಪುವುದಿಲ್ಲ" ಎಂದು ನೇರವಾಗಿ ಹೇಳಿ. ಅವರಿಗೆ ಈ ವರ್ಷ ಮನಸ್ಸೇ ಇಲ್ಲದಿದ್ದರೆ ಬಲವಂತ ಬೇಡ. ಬೇಡ ಎನ್ನುವ ಮಾತು ಅವರ ಬಾಯಿಂದ ಬರಬೇಕು, ಸಂಬಂಧಿಕರ ಬಾಯಿಂದಲ್ಲ. ಅವರು ಎಣ್ಣೆಯ ಬಟ್ಟಲು ಹಿಡಿದಾಗ ನಿಮ್ಮ ಯಜಮಾನರು ಮಕ್ಕಳಿಗಿಂತ ಮೊದಲು ತಾವೇ ಹೋಗಿ ಮಣೆಯ ಮೇಲೆ ಕೂರಲಿ. ಮಗನೇ ತಲೆಯೊಡ್ಡಿ ಕೂತರೆ ಅಲ್ಲಿ ಇನ್ನೊಬ್ಬರು ಮಾತಾಡಲು ಜಾಗವಿರುವುದಿಲ್ಲ.

ಪ್ರಶ್ನೆ ಕೇಳಿದವರು: ಸಾಗರದ ಸೊಸೆ

ನಿಮ್ಮೆಲ್ಲರ ಬರಹಗಳನ್ನು ಯಜಮಾನರಿಗೂ ಓದಿ ಹೇಳಿದೆ. ಹುಬ್ಬಳ್ಳಿಯ ಅಕ್ಕನವರ ಉತ್ತರವನ್ನು ಅವರು ನನ್ನಿಂದ ಫೋನ್ ತೆಗೆದುಕೊಂಡು ತಾವೇ ಇನ್ನೊಮ್ಮೆ ಓದಿದರು. ಅತ್ತೆಯವರೊಂದಿಗೆ ನಾನು ಒಬ್ಬಳೇ ಮಾತನಾಡಿದೆ. ಮೊದಲು ಬೇಡವೆಂದರು, ಆಮೇಲೆ ಎಣ್ಣೆ ಇಡುತ್ತೇನೆ, ಆರತಿಯನ್ನು ಈ ವರ್ಷ ನೀನೇ ಮಾಡು, ಮುಂದಿನ ವರ್ಷ ನೋಡೋಣ ಎಂದರು. ಇದು ಅವರದೇ ನಿರ್ಧಾರವೆಂದು ನನಗೆ ಅನ್ನಿಸಿದ್ದರಿಂದ ಒಪ್ಪಿಕೊಂಡೆ. ಪುರೋಹಿತರು ಗೋಪೂಜೆಯನ್ನು ಮೈದುನನ ಕೈಯಲ್ಲಿ ಮಾಡಿಸಲು ಹೇಳಿದ್ದಾರೆ. ಹೊಸ ಬಟ್ಟೆ, ಪಟಾಕಿ, ನೆಂಟರ ಊಟ ಈ ವರ್ಷ ಇಲ್ಲ. ದೊಡ್ಡ ಮಾವನವರಿಗೆ ಪೂರ್ತಿ ಸಮಾಧಾನವಾಗಿಲ್ಲ, ಆದರೆ ಅಮಾವಾಸ್ಯೆಯ ಸಂಜೆ ಪಂಜು ಹಿಡಿಯುವ ವಿಷಯ ತಿಳಿಸಿದಾಗ ತಮ್ಮ ಅಜ್ಜ ಹಾಗೆ ಮಾಡುತ್ತಿದ್ದದ್ದು ನೆನಪಿದೆ ಎಂದು, ಅದನ್ನು ತಾವೇ ಮಕ್ಕಳಿಂದ ಮಾಡಿಸುವುದಾಗಿ ಹೇಳಿದರು.

ಒಂದು ಸಂಗತಿ ಉಳಿದಿದೆ. ಹೋದ ದೀಪಾವಳಿಯಲ್ಲಿ ಮಾವನವರು ದನಗಳ ಮೈ ತೊಳೆಯುತ್ತ ಮಗನೊಂದಿಗೆ ಮಾತನಾಡುವ ವೀಡಿಯೊ ನನ್ನ ಫೋನಿನಲ್ಲಿದೆ. ಮಗ ಅದನ್ನು ನೋಡಬೇಕೆಂದು ಕೇಳುತ್ತಾನೆ. ಯಜಮಾನರಿಗೆ ಆ ದನಿ ಕೇಳಿಸಿದರೆ ತಡೆದುಕೊಳ್ಳಲು ಆಗುವುದಿಲ್ಲ. ಮಗನಿಗೆ ತೋರಿಸಬಹುದೇ?

ಉತ್ತರ: ಮಕ್ಕಳ ಆಪ್ತಸಮಾಲೋಚಕಿ, ಮೈಸೂರು

ತೋರಿಸಬಹುದು, ಅವನು ಕೇಳುತ್ತಿರುವಾಗ ತಡೆಯಬೇಡಿ. ನೀವು ಪಕ್ಕದಲ್ಲಿ ಕೂತು ನೋಡಿ, ಮುಗಿದ ಮೇಲೆ ಅವನು ಏನು ಹೇಳುತ್ತಾನೋ ಕೇಳಿಸಿಕೊಳ್ಳಿ. ಮತ್ತೊಮ್ಮೆ ಹಾಕು ಎಂದರೆ ಹಾಕಿ, ಸಾಕು ಎಂದರೆ ನಿಲ್ಲಿಸಿ. ಮಗಳು ಜೊತೆಗಿದ್ದರೆ ಇದು ಹೋದ ವರ್ಷ ತೆಗೆದದ್ದು, ಅಜ್ಜ ಈಗ ಫೋನಿನ ಒಳಗೆ ಇಲ್ಲ ಎಂದು ಮೊದಲೇ ಹೇಳಿ, ಏಕೆಂದರೆ ಆ ವಯಸ್ಸಿನವರು ವೀಡಿಯೊ ಕರೆಯನ್ನೂ ಹಳೆಯ ವೀಡಿಯೊವನ್ನೂ ಒಂದೇ ಎಂದುಕೊಳ್ಳುವ ಸಂಭವವಿದೆ. ಯಜಮಾನರು ಮನೆಯಲ್ಲಿ ಇಲ್ಲದ ಹೊತ್ತನ್ನು ಆರಿಸಿಕೊಳ್ಳಬಹುದು, ಆದರೆ ನೋಡಿದ್ದನ್ನು ಅವರಿಂದ ಮುಚ್ಚಿಡಲು ಮಗನಿಗೆ ಹೇಳಬೇಡಿ. ಅವರಿಗೆ ಬೇಕೆನಿಸಿದಾಗ ಅವರೇ ಕೇಳುತ್ತಾರೆ. ಫೋನ್ ಕೆಡುವುದು, ಕಳೆದುಹೋಗುವುದು ಇದ್ದದ್ದೇ. ಇಂದೇ ಆ ವೀಡಿಯೊದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಇನ್ನೊಂದನ್ನು ನಾದಿನಿಯವರಿಗೆ ಕಳುಹಿಸಿ.